ನಾನು ಏಳದ ಮೂರನೆಯ ಸುತ್ತು

ಸಿನಿಮಾ ನೋಡಬೇಕೆಂದರೆ ಸೀಡಿಯನ್ನು ಬಾಡಿಗೆಗೆ ತರಬೇಕಿದ್ದ ಕಾಲ ಅದು. ಓಣಿಯ ಮನೆಗಳಲ್ಲೆಲ್ಲ ಸಂಜೆಯಾದರೆ ಹಾಡು, ಕುಣಿತ. ನಮ್ಮ ಮನೆಯ ಟೀವಿಯಲ್ಲಿ ಮಾತ್ರ ಇಬ್ಬರು ಗಂಡಸರು ರಕ್ತ ಸುರಿಯುವ ಹಾಗೆ ಹೊಡೆದಾಡುತ್ತಿದ್ದರು. ಅಪ್ಪನಿಗೆ ಬಾಕ್ಸಿಂಗ್ ಹುಚ್ಚು.

ಅಪ್ಪ ಕಲಬುರಗಿಯ ಸ್ಟೇಶನ್ ಬಜಾರದ ಒಂದು ಲಾಡ್ಜಿನಲ್ಲಿ ಮ್ಯಾನೇಜರ್. ಅದರ ಹಿಂದಿನ ಎರಡು ಖೋಲಿಗಳೇ ನಮ್ಮ ಮನೆ. ಹೈದರಾಬಾದಿನಿಂದ ಬರುವ ಗಿರಾಕಿಗಳಿಗೆ ಹೇಳಿ ಹಳೆಯ ಕಾದಾಟಗಳ ಸೀಡಿ ತರಿಸುತ್ತಿದ್ದ. ಬಾಕ್ಸಿಂಗ್ ಬಲ್ಲವರು ಇಂದಿಗೂ ಬೆರಗಿನಿಂದ ನೆನೆಯುವ ಕಾದಾಟಗಳನ್ನೆಲ್ಲ ನಾನು ನೋಡಿದ್ದು ಆ ಖೋಲಿಯಲ್ಲೇ. ಅದರಲ್ಲೊಂದು ಮೂರೇ ಸುತ್ತಿಗೆ ಮುಗಿದಿತ್ತು. ಗಂಟೆ ಬಾರಿಸಿದ್ದೇ ತಡ, ಇಬ್ಬರೂ ಹಿಂದೆ ಸರಿಯುವುದನ್ನೇ ಮರೆತಿದ್ದರು. ಇನ್ನೊಂದು, ದೂರದ ಬಿಸಿಲೂರಲ್ಲಿ ಕಾದ ಮಾಡಿನ ಕೆಳಗೆ ಬೆಳಗಿನ ಹೊತ್ತು ನಡೆದದ್ದು. ಹದಿನಾಲ್ಕು ಸುತ್ತು ಬಡಿದಾಡಿ ಒಬ್ಬನ ಕಣ್ಣು ಬಾತು ಮುಚ್ಚಿಹೋಗಿತ್ತು. ಕೊನೆಯ ಸುತ್ತಿಗೆ ಅವನು ಏಳಹೊರಟರೆ, ಅವನ ಗುರು ಹೆಗಲ ಮೇಲೆ ಕೈಯಿಟ್ಟು ಕೂರಿಸಿಬಿಟ್ಟ.

ಅಲ್ಲಿಗೆ ಬಂದಾಗಲೆಲ್ಲ ಅಪ್ಪ ತೊಡೆ ಬಡಿದುಕೊಳ್ಳುತ್ತಿದ್ದ. "ಒಂದೇ ಸುತ್ತು ಉಳದಿತ್ತಲ್ಲೋ! ಯಾಕ ನಿಂದರಿಸಿದಿ ಅಂವಗ?"

"ಕಣ್ಣೇ ಕಾಣಸ್ತಿದ್ದಿಲ್ಲಲ್ಲಪ್ಪ ಅಂವಗ?"

"ಕಣ್ಣಿಲ್ದಿದ್ರ ಏನಾತು? ಕೈ ಇದ್ದುವಲ್ಲ!"

"ಸತ್ತಿದ್ರ?"

"ನಿನಗೇನು ತಿಳೀತದ, ಸುಮ್ಮಕಿರು" ಎಂದು ಬೈದು, ಮರುಗಳಿಗೆಗೇ ಚುರುಮುರಿಯ ಬುಟ್ಟಿಯನ್ನು ನನ್ನತ್ತ ಸರಿಸುತ್ತಿದ್ದ. ಹಸಿ ಉಳ್ಳಾಗಡ್ಡಿ, ಖಾರದಪುಡಿಯ ಘಾಟು, ಒಂದೇ ಚಾಪೆಯ ಮೇಲೆ ನಾವಿಬ್ಬರು. ಆ ಜಗಳ ನನಗೆ ಬಲು ಪ್ರೀತಿ. ಆದರೆ ಆರನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಅಪ್ಪ ನನಗೇ ಒಂದು ಜೋಡಿ ಗ್ಲೌಸು ತಂದ.

"ರಜಾ ಮುಗಿಯೂದ್ರಾಗ ಕಮಲಾಪುರದಾಗ ಹುಡುಗ್ಯಾರ ಬಾಕ್ಸಿಂಗ್ ಅದ. ನೀ ಆಡಬೇಕು."

ಕಮಲಾಪುರ ಅವ್ವನ ತವರು. ರಜೆ ಬಂತೆಂದರೆ ನಾವು ಅಲ್ಲೇ. ಮಾಮನ ಕೆಂಪು ಬಾಳೆಯ ತೋಟ, ಗೊನೆಗಳನ್ನು ಹಣ್ಣಿಗಿಟ್ಟ ಕತ್ತಲ ಖೋಲಿಯ ಸಿಹಿ ವಾಸನೆ, ಮಾಮನ ಮಕ್ಕಳೊಂದಿಗೆ ಚಿಣಿಫಣಿ ಆಟ. ಆ ವರ್ಷ ಅದೊಂದೂ ಇಲ್ಲ. ಬೆಳಕು ಹರಿಯುವ ಮೊದಲೇ ಅಪ್ಪ ನನ್ನನ್ನು ಲಾಡ್ಜಿನ ಮಾಳಿಗೆಗೆ ಹತ್ತಿಸುತ್ತಿದ್ದ. ಹಾಲಿನಲ್ಲಿ ಹಸಿ ಮೊಟ್ಟೆ ಒಡೆದು ಕದಡಿ, ಮೂಗು ಹಿಡಿದು ಕುಡಿಸುತ್ತಿದ್ದ; ಮೊಟ್ಟೆ ಮುಟ್ಟದ ಮನೆ ನಮ್ಮದು, ಅವ್ವ ವಾಸನೆ ಹಿಡಿದರೂ ತಿಳಿಯದವಳಂತೆ ಇರುತ್ತಿದ್ದಳು. ನೀರಿನ ಟಾಕಿಯ ಕೆಳಗೆ ಉಸುಕು ತುಂಬಿದ ಚೀಲ ತೂಗುತ್ತಿತ್ತು. ಕೆಳಗೆ ಗಿರಾಕಿ ಬಂದರೆ, "ಹೊಡೀತಿರು, ಬಂದೆ" ಎಂದು ಅಪ್ಪ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಇಳಿಯುತ್ತಿದ್ದ. ಬಿಸಿಲೇರಿದಂತೆ ಗಚ್ಚು ಕಾದು ಅಂಗಾಲು ಸುಡುತ್ತಿತ್ತು. ಸ್ಟೇಶನ್ನಿನಿಂದ ರೈಲುಗಳು ಹೊರಡುವುದು ಅಲ್ಲಿಂದ ಕಾಣುತ್ತಿತ್ತು. ಯಾವ್ಯಾವುದೋ ಊರಿಗೆ ಹೋಗುವವರನ್ನು ನೋಡುತ್ತ ಚೀಲಕ್ಕೆ ಗುದ್ದುತ್ತಿದ್ದೆ.

ಒಲ್ಲೆ ಎಂದು ಅವ್ವನ ಮುಂದೆ ಅತ್ತೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ನಿಮ್ಮಪ್ಪಗ ಹುಡುಗ ಇದ್ದಾಗ ಇದೇ ಹುಚ್ಚು. ರಾಜ್ಯದ ಆಟಕ್ಕ ಹೊಂಟು ನಿಂತಿದ್ನಂತ. ನಿಮ್ಮ ಮುತ್ಯಾ ರಟ್ಟಿ ಹಿಡದು ತಂದು ಈ ಲಾಡ್ಜಿನ ರೊಕ್ಕದ ಗಲ್ಲೇದ ಮುಂದ ಕುಂಡ್ರಿಸಿದ. ಅವತ್ತ ಕುಂತಂವ ಇನ್ನಾ ಎದ್ದಿಲ್ಲ ನೋಡು."

ಆಮೇಲೆ ನನಗೆ ಅಳುವುದಕ್ಕೂ ದಾರಿಯಿಲ್ಲದಾಯಿತು. ಗಲ್ಲೆಯ ಮುಂದೆ ಕೀಲಿಕೈ ಗೊಂಚಲು ಹಿಡಿದು ಕೂತ ಅಪ್ಪನನ್ನು ಕಂಡರೆ ಒಲ್ಲೆ ಎನ್ನಲಾಗುತ್ತಿರಲಿಲ್ಲ.

ಕೊನೆಗೂ ಅಪ್ಪ, ಅವ್ವನ ಜೊತೆ ಕಮಲಾಪುರಕ್ಕೆ ಹೋದೆ, ಆಡಲು. ಶಾಲೆಯ ಮೈದಾನದಲ್ಲಿ ಕಂಬ ನೆಟ್ಟು ಹಗ್ಗ ಬಿಗಿದಿದ್ದರು. ಮಾಮನ ಮಕ್ಕಳೆಲ್ಲ ಹಗ್ಗದಾಚೆ ನಿಂತು ನನ್ನ ಹೆಸರು ಕೂಗುತ್ತಿದ್ದರು. ಅವರ ಕೈಯಲ್ಲಿ ಮಾವಿನಕಾಯಿ ಹೋಳು, ಉಪ್ಪುಖಾರ. ನನ್ನೆದುರು ನಿಂತವಳು ಅದೇ ಊರಿನ ನಾಗಮ್ಮ. ನನಗಿಂತ ಗೇಣುದ್ದ ಎತ್ತರ, ಎಡಚಿ. ಮೊದಲ ಸುತ್ತು ಹೇಗೋ ಕಳೆಯಿತು. ಎರಡನೆಯದರಲ್ಲಿ ಮೂಲೆಗೆ ಸಿಕ್ಕಿಬಿದ್ದೆ. ಬೆನ್ನಿಗೆ ಹಗ್ಗ, ಮುಂದೆ ನಾಗಮ್ಮ, ಎತ್ತ ಹೊರಳಿದರೂ ಅವಳ ಎಡಗೈ. ಬಾಯಿಗೆ ರಕ್ತದ ರುಚಿ ಬಂತು. "ತಿರುಗಿ ಹೊಡಿ! ತಿರುಗಿ ಹೊಡಿ!" ಎನ್ನುವ ಅಪ್ಪನ ದನಿ ಮಾತ್ರ ಕೇಳುತ್ತಿತ್ತು.

ಗಂಟೆ ಬಾರಿಸಿದಾಗ ಸ್ಟೂಲಿನ ಮೇಲೆ ಕುಸಿದೆ. ಅಪ್ಪ ನನ್ನ ಮಾರಿ ಒರೆಸಿದ.

"ಸಾಕಪ್ಪ" ಎಂದೆ.

"ಇನ್ನೊಂದೇ ಸುತ್ತು, ಯವ್ವಾ."

"ನನಗ ಇದು ಬ್ಯಾಡ. ಮೊದಲಿಂದಾನೂ ಬ್ಯಾಡಿತ್ತು."

ಅಪ್ಪ ನನ್ನ ಮುಂದೆ ಮೊಣಕಾಲೂರಿದ. "ನನಗ ಒಂದು ಸುತ್ತೂ ಆಡಗೊಡಲಿಲ್ಲ ನಮ್ಮಪ್ಪ" ಎಂದ, ನನಗಷ್ಟೇ ಕೇಳುವಂತೆ.

"ಅದು ನಿಂದಪ್ಪ. ನಂದಲ್ಲ."

ಗಂಟೆ ಹೊಡೆಯಿತು. ನಾಗಮ್ಮ ಕಣದ ನಡುವೆ ಬಂದು ನಿಂತಳು. ನಾನು ಏಳಲಿಲ್ಲ. ಅಪ್ಪ ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ರೆಫರಿಯತ್ತ ಕೈ ಅಲ್ಲಾಡಿಸಿ, ತಲೆ ಬಗ್ಗಿಸಿ, ನನ್ನ ಗ್ಲೌಸಿನ ಲಾಡಿ ಬಿಚ್ಚತೊಡಗಿದ.

ಅಂದು ಅಪ್ಪ ಒಬ್ಬನೇ ಬಸ್ಸು ಹತ್ತಿ ಹೋದ. ನಾನೂ ಅವ್ವನೂ ತವರಲ್ಲಿ ಉಳಿದೆವು. ಸಂಜೆ ನಾಗಮ್ಮ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಿಡಿದು ಬಂದಳು. "ಭಾಳ ಬ್ಯಾನಿ ಆಗ್ಯದೇನ?" ಎಂದು ಕೇಳಿದಳು. ಒಡೆದ ತುಟಿಯಿಂದಲೇ ತಿಂದೆ. ಆ ರಾತ್ರಿಯಷ್ಟು ಹಗುರಾಗಿ ನಾನು ಮತ್ತೆಂದೂ ನಿದ್ದೆ ಮಾಡಿದ ನೆನಪಿಲ್ಲ.

ಊರಿಗೆ ಮರಳಿದಾಗ ಮಾಳಿಗೆಯ ಚೀಲ ಇರಲಿಲ್ಲ. ಸೀಡಿಗಳೂ ಇರಲಿಲ್ಲ. ಅಪ್ಪ ಬೈಯಲಿಲ್ಲ, ಮುನಿಯಲೂ ಇಲ್ಲ. "ಉಂಡೇನವ್ವಾ?" ಎಂದಷ್ಟೇ ಕೇಳಿದ.

ಈಗ ನನ್ನ ಸಂಸಾರ ಕಲಬುರಗಿಯಲ್ಲೇ, ಐವಾನ್-ಎ-ಶಾಹಿ ಕಡೆ. ಅಪ್ಪ ಆಗಾಗ ಬರುತ್ತಾನೆ. ಬಿಸಿಲಿನ ಬಗ್ಗೆ, ಮೊಮ್ಮಗನ ಓದಿನ ಬಗ್ಗೆ ಮಾತಾಡುತ್ತಾನೆ. ಆ ಕಾದಾಟಗಳೆಲ್ಲ ಇಂದು ಫೋನಿನಲ್ಲೇ ಸಿಗುತ್ತವೆ. ಒಮ್ಮೆ ಧೈರ್ಯ ಮಾಡಿ, "ನೋಡಮೇನಪ್ಪ?" ಎಂದು ಮುಂದೆ ಹಿಡಿದೆ. "ನಿನಗ ಬ್ಯಾಸರ ಆಗ್ತದ ಬಿಡವ್ವ" ಎಂದು ಮೆಲ್ಲಗೆ ಫೋನು ಸರಿಸಿದ.

ನಾನು ಏಳದೆ ಕೂತದ್ದು ಸರಿಯೇ. ಅದರಲ್ಲಿ ನನಗೆಂದೂ ಅನುಮಾನವಿಲ್ಲ. ಆದರೆ ನನ್ನನ್ನು ಸರೀಕಳೆಂದು ತಿಳಿದು ದನಿಯೆತ್ತಿ ಜಗಳಾಡುತ್ತಿದ್ದ ಅಪ್ಪ ಅವತ್ತು ಆ ಬಸ್ಸಿನಲ್ಲೇ ಹೋದ. ಅಲ್ಲಿಂದೀಚೆ ನನ್ನ ಜೊತೆಗಿರುವುದು, ನನ್ನ ಮನಸ್ಸು ನೋಯದಂತೆ ಅಳೆದು ತೂಗಿ ಮಾತಾಡುವ ಒಬ್ಬ ಒಳ್ಳೆಯ ಮನುಷ್ಯ.