ಟವೆಲ್ ಕೆಳಗೆ ಕುದುರಿದ ಓಟ

ಕಮಲಾಪುರದಲ್ಲಿ ನಾನು ಎತ್ತಿನ ವ್ಯಾಪಾರದ ದಲಾಲಿ. ಹೆಗಲ ಮೇಲಿನ ಟವೆಲ್ಲೇ ನನ್ನ ಅಂಗಡಿ. ಕೊಳ್ಳುವವನೂ ಮಾರುವವನೂ ಅದರ ಕೆಳಗೆ ಬೆರಳು ಹಿಡಿದು, ಎಷ್ಟು ಬೆರಳೋ ಅಷ್ಟು ಲೆಕ್ಕ ಎಂದು ದರ ಮುಗಿಸುತ್ತಾರೆ. ಪಕ್ಕದವರಿಗೆ ತಿಳಿಯಬಾರದು, ಅವರು ಕೇಳಲೂಬಾರದು. ಈ ಪದ್ಧತಿ ಒಂದು ದಿನ ನನ್ನ ಮೇಲೆಯೇ ತಿರುಗೀತೆಂದು ಎಣಿಸಿರಲಿಲ್ಲ.

ಹೈಸ್ಕೂಲಿನಲ್ಲಿರುವ ಮಗಳು ಖೋಖೋ ಆಡುತ್ತಾ ಎದೆ ಹಿಡಿದುಕೊಂಡು ಬಿದ್ದಳು. "ಮುಂಜಾನಿ ಉಂಡಿಲ್ಲ, ಅದಕ್ಕ" ಎಂದು ಓಣಿಯೆಲ್ಲ ತೀರ್ಪು ಕೊಟ್ಟಿತು. ನಿಮಗೂ ಹೇಳಿಡುತ್ತೇನೆ, ಓಡುವಾಗ ಬಿದ್ದ ಮಗುವಿಗೆ ರೊಟ್ಟಿ ತಿನ್ನಿಸಿ ಸುಮ್ಮನಾಗಬೇಡಿ. ನಾನೂ ಹೆಂಡತಿಯೂ ಅವಳನ್ನು ಕಲಬುರಗಿಯ ಹೃದಯದ ಡಾಕ್ಟರ ಬಳಿಗೆ ಕರೆದೊಯ್ದೆವು. ಮಲಗಿಸಿ ತೆಗೆದ ಇಸಿಜಿ ಸರಿಯಿತ್ತು. ಖುಷಿಯಿಂದ ಎದ್ದೆ.

"ಕೂಡ್ರಿ ಯಜಮಾನ್ರ. ಎತ್ತು ಬರೇ ನಿಂತಾಗ ನೋಡಿ ಕೊಡಸ್ತೀರೇನು?" ಎಂದು ನನ್ನ ಕಸುಬು ಕೇಳಿಕೊಂಡಿದ್ದ ಡಾಕ್ಟರು ತಡೆದರು.

ಎಕೋದಲ್ಲಿ ಅನುಮಾನ ಬಂತು, ಸಿಟಿ ಸ್ಕ್ಯಾನ್‌ನಲ್ಲಿ ಖಚಿತವಾಯಿತು. ಹೃದಯಕ್ಕೇ ರಕ್ತ ಉಣಿಸುವ ಒಂದು ನಾಳ ಹುಟ್ಟಿನಿಂದಲೇ ತಪ್ಪು ಜಾಗದಲ್ಲಿ ಹೊರಟು, ಎರಡು ದೊಡ್ಡ ನಾಳಗಳ ಸಂದಿಯಲ್ಲಿ ನುಸುಳಿತ್ತು. ಓಡಿದರೆ ಅದು ಹಿಸುಕಿಹೋಗುತ್ತಿತ್ತು. ಆಪರೇಷನ್ ಬೇಕೆಂದರು.

"ಓಟ ಬಿಡಸ್ತೀನ್ರೀ, ಕೊಯ್ಯೋದು ಬಿಡ್ರಿ."

"ಜೀವದ ಮಾತು ಇದು. ಇದರಾಗ ಹೆಚ್ಚುಕಡಿಮಿ ಇಲ್ಲ."

"ಗುಳಿಗಿ?"

"ಗುಳಿಗಿ ನುಂಗಿದ್ರ ನಾಳ ಜಾಗಾ ಬದಲಸ್ತದೇನ್ರೀ?"

ಆಗ ಮಗಳು ಬಾಯಿ ಬಿಟ್ಟಳು. "ಆಪರೇಷನ್ ಮಾಡಿಸ್ಕೋತೀನಿ. ಮತ್ತ ಓಡೋದು ಯಾವಾಗ್ರೀ?"

"ಸುಮ್ನಿರವ್ವ, ಓಟ ಮುಗೀತಿನ್ನ" ಎಂದೆ ನಾನು.

ಅವಳು ನನ್ನ ಹೆಗಲಿನ ಟವೆಲ್ ಎಳೆದು ಕೈಮೇಲೆ ಹೊದಿಸಿ ಡಾಕ್ಟರ ಮುಂದೆ ಚಾಚಿದಳು. "ನಮ್ಮಜ್ಜನೂ ಎತ್ತಿನ ವ್ಯಾಪಾರದವನೇ" ಎಂದು ನಗುತ್ತಾ ಅವರೂ ಕೈ ತೂರಿಸಿದರು. ಒಳಗೆ ಬೆರಳುಗಳು ಕುಣಿದವು. ಮಗಳು ತಲೆಯಾಡಿಸಿದಳು.

"ಎಷ್ಟು ತಿಂಗಳಿಗೆ ಮುಗೀತು?" ಎಂದು ಡಾಕ್ಟರನ್ನು ಕೇಳಿದೆ.

"ಕೇಳಬಾರದಲ್ರೀ! ನಿಮಗ ಹೇಳಿದ್ರ ಇನ್ನೂ ಏರಸ್ತೀರಿ. ನಿಮ್ಮ ಮನಿಯವರಿಗೆ ಹೇಳ್ತೀನಿ. ಆಮ್ಯಾಲೆ ನಾ ಓಡಿಸಿ ನೋಡೋ ಪರೀಕ್ಷೆದಾಗ ಪಾಸಾದ್ರ ಮಾತ್ರ ಓಟ, ಗೊತ್ತಾಯ್ತೇನವ್ವ?"

ನನ್ನ ಹೆಂಡತಿಯೂ ಟವೆಲ್ ಕೆಳಗೆ ಕೈ ಹಾಕಿ ಸುದ್ದಿ ಪಡೆದಳು. ನಾನೊಬ್ಬನೇ ಹೊರಗೆ!

ಆಪರೇಷನ್ ಮಾಡಿ ಹಿಸುಕಿದ ಭಾಗವನ್ನು ಬಿಡಿಸಿ ದಾರಿ ಅಗಲ ಮಾಡಿದರು. ಮಗಳು ಮೊದಲು ಅಂಗಳದಲ್ಲಿ, ಆಮೇಲೆ ಓಣಿಯಲ್ಲಿ ನಡೆದಳು. ನಾನು ಹೆಂಡತಿಗೆ ಜಿಲೇಬಿ ತಂದೆ, ಹೊಗಳಿದೆ, ಮುನಿಸಿಕೊಂಡೆ. ಜಿಲೇಬಿ ಖಾಲಿಯಾಯಿತು, ತಿಂಗಳ ಲೆಕ್ಕ ಮಾತ್ರ ಅವಳ ಬಾಯಿಂದ ಹೊರಬೀಳಲಿಲ್ಲ. "ದಲಾಲಿ ಹೆಂಡತಿರೀ ನಾ" ಎಂದಳು.

ಕೊನೆಗೆ ಮತ್ತೆ ಕಲಬುರಗಿಗೆ ಕರೆಸಿದರು. ಹೊಸ ಸ್ಕ್ಯಾನ್ ಆಯಿತು. ಮೈಗೆ ವೈರು ಅಂಟಿಸಿ ಓಡುವ ಪಟ್ಟಿಯ ಮೇಲೆ ಮಗಳನ್ನು ಹತ್ತಿಸಿದರು. ಅವಳು ಓಡಿದಳು, ಏದುಸಿರು ಬಿಟ್ಟವನು ನಾನು. ಡಾಕ್ಟರು ಗೆರೆಗಳನ್ನೆಲ್ಲ ನೋಡಿ ಮುಗಿಸಿ ನನ್ನ ಕಡೆ ತಿರುಗಿದರು.

"ಟವೆಲ್ ತರ್ರಿ ಯಜಮಾನ್ರ."

ಕೈ ತೂರಿಸಿದೆ. ಎಷ್ಟು ತಡಕಿದರೂ ಒಂದು ಬೆರಳೂ ಸಿಗಲಿಲ್ಲ, ಬರೀ ಮುಷ್ಟಿ. ಅಂದರೆ ಸೊನ್ನೆ ತಿಂಗಳು, ಇನ್ನು ಕಾಯುವುದು ಏನೂ ಇಲ್ಲ! ಆದರೂ ಕೈ ಕೇಳಬೇಕಲ್ಲ, ಇನ್ನೊಂದು ತಿಂಗಳು ಇರಲೆಂದು ಮೆಲ್ಲಗೆ ಒಂದು ಬೆರಳು ಚಾಚಿದೆ.

ಡಾಕ್ಟರು ಅದನ್ನು ಮಡಿಚಿ ನನ್ನ ಅಂಗೈಗೇ ಒತ್ತಿದರು.

"ವ್ಯವಹಾರ ಮುಗೀತ್ರೀ."

ಅಷ್ಟರಲ್ಲಿ ಮಗಳು ಬೂಟಿನ ಲೇಸು ಬಿಗಿದು ಬಾಗಿಲಲ್ಲಿ ನಿಂತಿದ್ದಳು.