ಅಜ್ಜಿ ಕೆರೆಗೆ ಬಿಟ್ಟ ಅಂತರಗಂಗೆ

ನೀರಿನಲ್ಲಿ ಕೊಳೆತ ಸೊಪ್ಪಿನ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ಗಾವಡಗೆರೆ ಪಕ್ಕದ ನಮ್ಮ ಹಳ್ಳಿಮನೆ ನೆನಪಾಗುತ್ತದೆ. ತೊಂಬತ್ತರ ದಶಕದ ಆ ಮನೆಯಲ್ಲಿ ಪ್ರತಿ ಕೆಲಸಕ್ಕೂ ಒಂದು ಹೊತ್ತಿತ್ತು. ಹಾಲು ಕರೆದಾದ ಮೇಲೆ ತಾತ ಜೋಡೆತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯುತ್ತಿದ್ದ. ಎತ್ತು ಮೀಯದೆ ಯಾರಿಗೂ ತಿಂಡಿಯಿಲ್ಲ. ನನ್ನ ಶಿಸ್ತಿನ ಮೂಲ ಆ ಹಸಿವು.

ಅಂಥ ಮನೆಗೆ ಅಜ್ಜಿ ಅಂತರಸಂತೆ ಊರಿನಲ್ಲಿದ್ದ ತನ್ನ ತಂಗಿಯಿಂದ ಒಂದು ಅಂತರಗಂಗೆ ಗಿಡ ತಂದಳು. ನೀರಿನ ಮೇಲೆ ತೇಲುವ ಗಿಡ. ಉಬ್ಬಿದ ದಂಟು, ನೇರಳೆ ಹೂವು. ಒದ್ದೆ ಬಟ್ಟೆ ಸುತ್ತಿ, ಬಸ್ಸಿನಲ್ಲಿ ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಅಂಗಳದ ಕಲ್ಲುಬಾನಿಗೆ ಬಿಟ್ಟದ್ದೇ ತಡ, ಅದು ಪಕ್ಕದಲ್ಲೊಂದು ಮರಿ ಹಾಕಿತು, ಮರಿಯ ಪಕ್ಕ ಇನ್ನೊಂದು ಮರಿ. ಸ್ವಲ್ಪ ದಿನಕ್ಕೆ ಬಾನಿಯಲ್ಲಿ ದನಗಳಿಗೆ ನೀರೇ ಕಾಣಿಸಲಿಲ್ಲ. ಅಜ್ಜಿಗೆ ಸಂಭ್ರಮ. ಶುಕ್ರವಾರ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಿಗೆಲ್ಲ ತಾಂಬೂಲದ ಜೊತೆ ಒಂದೊಂದು ಗಿಡ, ಅದಕ್ಕೂ ಕುಂಕುಮವಿಟ್ಟು. ಕೊನೆಗೆ ಊರಿನ ಬಾನಿಗಳೆಲ್ಲ ತುಂಬಿ, ಹೆಂಗಸರು ಕೊಟ್ಟವಳಿಗೇ ವಾಪಸು ಕೊಡಲು ಬರತೊಡಗಿದರು.

"ತಿಪ್ಗೆ ಎಸ್ದು ಕೈ ತೊಳ್ಕೊ," ಎಂದ ತಾತ.

"ಕುಂಕುಮ ಇಟ್ಟಿರೋದ್ನ ತಿಪ್ಗೆ ಆಕ್ತಾರಾ? ನೀರ್ಗೆ ಬುಡ್ಬೇಕು ಕಣ್ರೀ," ಎಂದಳು ಅಜ್ಜಿ.

ಹಾಗೆ ಭಕ್ತಿಯಿಂದ ಕೆರೆಗೆ ಬಿಟ್ಟಳು. ಅವಳ ಹಿಂದೆ ಉಳಿದ ಹೆಂಗಸರೂ ಬಿಟ್ಟರು. ಮಳೆಗಾಲ ಮುಗಿಯುವಷ್ಟರಲ್ಲಿ ಕೆರೆ ಹಸಿರು ಬಯಲಾಯಿತು. ಹುಲ್ಲೆಂದು ನಂಬಿ ಕಾಲಿಟ್ಟ ಎಮ್ಮೆಯೊಂದು ಕುತ್ತಿಗೆವರೆಗೆ ಮುಳುಗಿ, ಕೊಂಬಿನ ತುಂಬ ಹೂ ಮುಡಿದು, ಮದುಮಗಳಂತೆ ಎದ್ದು ಬಂತು. ನಮ್ಮ ಎತ್ತುಗಳಿಗೆ ಮೀಯಲು ಜಾಗವಿಲ್ಲ, ನಮಗೆ ಹೊತ್ತಿಗೆ ಸರಿಯಾಗಿ ತಿಂಡಿಯಿಲ್ಲ. ಊರಿನವರು ಪಂಚಾಯ್ತಿ ಸೇರಿಸಿದರು. ಇದನ್ನು ತಂದವರು ಯಾರು ಎಂದು ಗಂಡಸರು ಗುಡುಗಿದರೆ, ಹೆಂಗಸರು ಸೆರಗು ಸರಿಮಾಡಿಕೊಂಡರು.

"ಸರ್ಕಾರದೋರು ಬುಟ್ಟಿರ್ಬೇಕು," ಎಂದಳು ಅಜ್ಜಿ.

ತಾತ ಅವಳತ್ತ ಕೈ ತೋರಿಸಿದ. "ಇವ್ಳೇ ಕಣ್ರಪ್ಪಾ ಸರ್ಕಾರ!"

ಊರೆಲ್ಲ ನಕ್ಕಿತು. ಅಜ್ಜಿ ನಗಲಿಲ್ಲ. ಮರುದಿನ ಹಾಲು ಕರೆದವಳೇ ಕುಡುಗೋಲು ಹಿಡಿದು, ಸೀರೆ ಎತ್ತಿಕಟ್ಟಿ ಕೆರೆಗಿಳಿದು, ಜೋಡೆತ್ತು ಮೀಯುವಷ್ಟು ನೀರು ಬಿಡಿಸಿದಳು. ರಾತ್ರಿ ಕಳೆಯುವಷ್ಟರಲ್ಲಿ ಗಿಡ ಮತ್ತೆ ಒಳಕ್ಕೆ ಸರಿದಿರುತ್ತಿತ್ತು. ಅವಳು ಮತ್ತೆ ಇಳಿಯುತ್ತಿದ್ದಳು. "ನಂಗಿಂತ ಅಟ ಐತಲ್ಲಾ ನಿಂಗೆ!" ಎಂದು ಅದನ್ನು ಬೈಯುತ್ತ, ವರ್ಷಗಟ್ಟಲೆ. ಆಮೇಲೆ ಅವಳಿರುವವರೆಗೆ ಎತ್ತುಗಳು ಒಂದು ದಿನವೂ ಮೀಯದೆ ಉಳಿಯಲಿಲ್ಲ.

ನಿಮ್ಮೂರಿನಲ್ಲೂ ಹೀಗೆ ಮುಚ್ಚಿಹೋದ ಕೆರೆಯಿದ್ದರೆ, ನೀರು ಎಷ್ಟು ಬೇಗ ಕಣ್ಮರೆಯಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಅಜ್ಜಿ ತೀರಿಕೊಂಡು, ಕಾರ್ಯವೆಲ್ಲ ಮುಗಿದ ಮರುದಿನ, ತಾತ ಎಂದಿನ ಹೊತ್ತಿಗೆ ಎತ್ತು ಹೊಡೆದುಕೊಂಡು ಹೊರಟ. ನಾನೂ ಜೊತೆಗಿದ್ದೆ. ಎತ್ತುಗಳು ತಾವಾಗಿಯೇ ಆ ಜಾಗಕ್ಕೆ ಹೋಗಿ ನಿಂತವು. ಅಲ್ಲಿ ನೀರು ಕಾಣಲಿಲ್ಲ, ಗಿಡ ಪೂರ್ತಿ ಮುಚ್ಚಿಕೊಂಡಿತ್ತು. ತಾತ ಹಗ್ಗ ಎಳೆಯಲಿಲ್ಲ. ಎತ್ತುಗಳ ಪಕ್ಕ ತಾನೂ ನಿಂತುಕೊಂಡ.