ಮಂಡಕ್ಕಿಯ ಸದ್ದು

ಇವತ್ತು ಸಂಜೆ ಪಕ್ಕದ ಮನೆಯಿಂದ ಮಂಡಕ್ಕಿಗೆ ಒಗ್ಗರಣೆ ಹಾಕಿದ ವಾಸನೆ ಬಂತು. ಬೆಳ್ಳುಳ್ಳಿ, ಕರಿಬೇವು, ಹುರಿದ ಶೇಂಗಾ. ಮೂಗಿಗೆ ಖುಷಿಯಾಯಿತು, ಕಿವಿ ಮಾತ್ರ ಆಗಲೇ ಹೆದರಿ ಕೂತಿತು. ಮಂಡಕ್ಕಿಯನ್ನು ಸದ್ದಿಲ್ಲದೆ ತಿನ್ನುವವರು ನಮ್ಮ ಹೊನ್ನಾಳಿಯಲ್ಲಿ ಇನ್ನೂ ಹುಟ್ಟಿಲ್ಲ.

ನಲವತ್ತೆಂಟು ದಾಟಿದ ಮೇಲೆ ನನಗೆ ಸದ್ದು ಆಗಿಬರುತ್ತಿಲ್ಲ. ನಿಮಗೂ ಹಾಗಿದ್ದರೆ ಬನ್ನಿ, ನನ್ನ ಪಕ್ಕ ಕೂತುಕೊಳ್ಳಿ. ಇಲ್ಲದಿದ್ದರೆ ಇನ್ನು ಸ್ವಲ್ಪ ವರ್ಷ ಕಾಯಿರಿ. ನ್ಯಾಮತಿಯ ಕಚೇರಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ಪಕ್ಕದವರು ಮೊಬೈಲಿನಲ್ಲಿ ಜೋರಾಗಿ ವಿಡಿಯೊ ನೋಡುತ್ತಿದ್ದರು. "ಸೌಂಡು ಸ್ವಲ್ಪ ನೋಡ್ರಿ" ಅಂದೆ. ಅವರು ಬಹಳ ಮರ್ಯಾದೆಯಿಂದ, "ನಿಮಗೆ ಕೇಳ್ತಿಲ್ಲೇನ್ರಿ?" ಎಂದು ಮೊಬೈಲನ್ನು ನನ್ನ ಕಿವಿಯ ಹತ್ತಿರಕ್ಕೇ ತಂದು ಹಿಡಿದರು.

ಚಿಕ್ಕಂದಿನಲ್ಲಿ ಇಂಥ ಸಿಡುಕರನ್ನು ನೋಡಿ ನಕ್ಕವನು ನಾನು. ಜಗಳೂರಿನ ನಮ್ಮ ದೊಡ್ಡಪ್ಪ, ಊರಿನ ಹೆಸರು ಉಳಿಸುವ ಜವಾಬ್ದಾರಿ ತಮ್ಮೊಬ್ಬರದೇ ಎಂಬಂತೆ ಬದುಕಿದವರು. ಕುರಿಹಿಂಡು ಮನೆ ಮುಂದೆ ಅರಚುತ್ತಾ ಹಾದರೆ ಕಟ್ಟೆಯ ಮೇಲೆ ನಿಂತು, "ಒಂದಿನ ಸುಮ್ನೆ ಹೋಗಾಕೆ ಆಗಲ್ವೇನ್ರಿ ನಿಮಗೆ?" ಎಂದು ಕುರಿಗಳನ್ನೇ ಕೇಳುತ್ತಿದ್ದರು. ಎಷ್ಟೇ ಸಿಟ್ಟು ಬಂದರೂ ರೀ ಬಿಡುತ್ತಿರಲಿಲ್ಲ. ನಾವು ಬಾಗಿಲ ಹಿಂದೆ ಬಿದ್ದು ಬಿದ್ದು ನಗುತ್ತಿದ್ದೆವು. ದೊಡ್ಡಮ್ಮ ನಗುತ್ತಿದ್ದರೋ ಇಲ್ಲವೋ ನೆನಪಿಲ್ಲ. ಅದನ್ನು ಗಮನಿಸುವ ವಯಸ್ಸು ನನ್ನದಾಗಿರಲಿಲ್ಲ.

ನನ್ನ ಹೆಂಡತಿ ಸರೋಜಳಿಗೆ ಸಂಜೆ ಚಹಾದ ಜೊತೆ ಮಂಡಕ್ಕಿ ಬೇಕೇ ಬೇಕು. ಮದುವೆಯಾಗಿ ಇಪ್ಪತ್ತು ವರ್ಷ ಆ ಕುರುಂ ಕುರುಂ ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಹೋದ ವರ್ಷ ಒಂದು ಸಂಜೆ ಪೇಪರ್ ಓದುತ್ತಿದ್ದಾಗ ಫಕ್ಕನೆ ಕೇಳಿಸಿತು. "ಎಮ್ಮೆ ದಂಟು ತಿಂದಂಗೆ ತಿಂತೀಯಲ್ಲ, ಮನುಷ್ಯರು ಕೂರಾಕೆ ಆಗುತ್ತಾ ಇಲ್ಲಿ?" ಅಂದುಬಿಟ್ಟೆ. ಮರುದಿನ ಮಂಡಕ್ಕಿ ಡಬ್ಬಿ ಮನೆಯಲ್ಲಿ ಕಾಣಲಿಲ್ಲ. ನನ್ನ ಮಾತಿಗೂ ಬೆಲೆ ಇದೆ ಎಂದುಕೊಂಡು ನೆಮ್ಮದಿಯಾಗಿ ಪೇಪರ್ ಓದಿದೆ.

ಹೋದ ವಾರ ಕಚೇರಿಯಿಂದ ಬೇಗ ಬಂದೆ. ಮನೆಗೆ ಬೀಗ. ಪಕ್ಕದ ಮನೆ ಗಾದಿ ಹೊಲಿಯುವ ರಹೀಂ ಸಾಹೇಬರದು. ಅಲ್ಲಿ ಯಾರೋ ಹೆಂಗಸು ಜೋರಾಗಿ ನಗುತ್ತಿದ್ದಳು. ಅಭ್ಯಾಸಬಲದಿಂದ ಹುಬ್ಬು ಗಂಟಿಕ್ಕಿದೆ. ಆಮೇಲೆ ಗೊತ್ತಾಯಿತು, ಅದು ಸರೋಜ. ಕಟ್ಟಿಕೊಂಡ ಹೆಂಡತಿಯ ನಗು ಗುರುತಿಸಲು ನನಗೆ ಅಷ್ಟು ಹೊತ್ತು ಹಿಡಿಯಿತಲ್ಲ. ನಮ್ಮ ಮನೆಯಲ್ಲಿ ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ.

ಅವಳು ಮನೆಗೆ ಬಂದ ಮೇಲೆ ಕೇಳಿದೆ. "ನಿಮಗೆ ಸದ್ದು ಆಗಲ್ವಲ್ಲ, ಅಲ್ಲೇ ಹೋಗಿ ತಿಂತೀನಿ. ಒಂದು ವರ್ಷ ಆತು. ನೀವು ಪೇಪರ್ ಓದ್ತಿರ್ತೀರಿ, ಗೊತ್ತಾಗಲ್ಲ" ಎಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಬೈದಿದ್ದರೆ ವಾಸಿಯಿತ್ತು.

ವಾರವಿಡೀ ಹಿಂದೆ ಮುಂದೆ ನೋಡಿ, ಇವತ್ತು ಆ ವಾಸನೆ ಬಂದದ್ದೇ ಎದ್ದು ಹೋದೆ. ಬಾಗಿಲಲ್ಲಿ ನನ್ನನ್ನು ಕಂಡು ನಗು ನಿಂತಿತು. ರಹೀಂ ಸಾಹೇಬರ ಹೆಂಡತಿ ಮುಮ್ತಾಜ್ ತಡಬಡಿಸಿ, "ಬರ್ರಿ ಅಣ್ಣಾರೆ, ಕೂತ್ಕಳ್ರಿ" ಎಂದು ನನ್ನ ಮುಂದೆಯೂ ಒಂದು ತಟ್ಟೆ ಇಟ್ಟರು.

ಕೂತೆ. ಮೂವರೂ ಒಂದೊಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡರು, ಯಾರ ದವಡೆಯೂ ಆಡಲಿಲ್ಲ. ರಹೀಂ ಸಾಹೇಬರ ಕೆನ್ನೆ ಉಬ್ಬಿತ್ತು. ನನಗೆ ತೊಂದರೆಯಾಗದಿರಲಿ ಎಂದು ಮೂವರೂ ಮಂಡಕ್ಕಿ ಬಾಯಲ್ಲೇ ನೆನೆದು ಮೆತ್ತಗಾಗುವುದನ್ನು ಕಾಯುತ್ತಿದ್ದರು. ವರ್ಷದಿಂದ ನಾನು ಬಯಸಿದ ಶಾಂತಿ ಅಲ್ಲಿ ಪೂರ್ತಿಯಾಗಿ ಸಿಕ್ಕಿತು. ಐದು ನಿಮಿಷವೂ ತಡೆದುಕೊಳ್ಳಲು ನನ್ನಿಂದಾಗಲಿಲ್ಲ.

ಒಂದು ಹಿಡಿ ಬಾಯಿಗೆ ತುಂಬಿಕೊಂಡು ಕೈಲಾದಷ್ಟು ಸದ್ದು ಮಾಡಿ ಅಗಿದೆ. ಸರೋಜ ನನ್ನನ್ನೇ ನೋಡಿದಳು. ಬಾಯಲ್ಲಿದ್ದದ್ದನ್ನು ನುಂಗಿ, "ನಾಳೆ ಇವರನ್ನ ನಮ್ಮನೆಗೆ ಕರೀಲೇನ್ರಿ?" ಎಂದಳು. ಆಮೇಲೆ, "ಸದ್ದಾಗ್ತೈತೆ" ಅಂದಳು.

ಬಾಯಿ ತುಂಬಿತ್ತು, ಬೇಗ ಬೇಗ ತಲೆಯಾಡಿಸಿದೆ. ಅಷ್ಟರಲ್ಲಿ ರಹೀಂ ಸಾಹೇಬರು ತಡೆಯಲಾಗದೆ ಕುರುಂ ಎನಿಸಿಯೇಬಿಟ್ಟರು. ಸರೋಜ ನಕ್ಕಳು, ನನ್ನ ಮುಂದೆಯೇ.